ನಾಲ್ಕನೆಯವನು

ನಾಲ್ಕನೆಯದೂ ಗಂಡು ಎಂದು ಗೊತ್ತಾದ ಮೇಲೆ ನನ್ನೊಡನೆ ಮಾತಾಡಿದವರು ಎರಡು ಪಂಗಡವಾದರು. ಊರಿನಿಂದ ಫೋನ್ ಮಾಡಿದ ಹಿರಿಯರು, "ಪುಣ್ಯಾ ಮಾಡೀಯವಾ, ನಾಕೂ ಗಂಡ್ಸು" ಎಂದರು. ನನ್ನ ಓರಗೆಯವರು, ಶಾಲೆಯ ಗೇಟಿನಲ್ಲಿ ದಿನಾ ಸಿಗುವ ತಾಯಂದಿರು, "ಅಯ್ಯೋ, ಈ ಸಲವಾದರೂ ಹೆಣ್ಣಾಗಬೇಕಿತ್ತು" ಎಂದು ಕೈಹಿಡಿದು ಸಮಾಧಾನ ಹೇಳಿದರು. ಇಬ್ಬರ ಅಕ್ಕರೆಯಲ್ಲೂ ನನಗೆ ಸಂಶಯವಿಲ್ಲ. ಆದರೆ ಒಬ್ಬರಿಗೆ ಅವನು ದೊಡ್ಡದಾದ ಒಂದು ಲೆಕ್ಕ, ಇನ್ನೊಬ್ಬರಿಗೆ ಕೈತಪ್ಪಿದ ಒಂದು ಆಸೆ. ಅವನು ಯಾರು ಎಂದು ಕೇಳುವ ಕುತೂಹಲ ಕಂಡಿದ್ದು ನಮ್ಮ ಮನೆಯ ಮಕ್ಕಳಲ್ಲಿ ಮಾತ್ರ. "ಅವನಿಗೆ ಬೆಕ್ಕಂದ್ರೆ ಹೆದರಿಕೆ ಇರತ್ತಾ?" ಎಂದು ನಡುವಿನವನು ಕೇಳಿದ. ನನಗೆ ಬಂದ ಪ್ರಶ್ನೆಗಳಲ್ಲಿ ಅದೇ ಸರಿಯಾದ ಪ್ರಶ್ನೆ ಎನ್ನಿಸಿತು.

ನಾವಿರುವುದು ಇಂಗ್ಲೆಂಡಿನ ಮಿಲ್ಟನ್ ಕೀನ್ಸ್‌ನ ವುಲ್ವರ್ಟನ್‌ನಲ್ಲಿ. ಹತ್ತೊಂಬತ್ತನೆಯ ಶತಮಾನದಲ್ಲಿ ರೈಲ್ವೆ ಕಾರ್ಖಾನೆಯ ಸುತ್ತ ಬೆಳೆದ ಊರು. ಗೋಡೆಗೆ ಗೋಡೆ ಹೊಂದಿಸಿ ಕಟ್ಟಿದ ಇಟ್ಟಿಗೆ ಮನೆಗಳ ಸಾಲು. ನಮ್ಮ ಬಾಗಿಲು ಬಿಟ್ಟು ಮೂರನೆಯ ಬಾಗಿಲು ಮೈದುನನದು. ಹೆಸರಿಗೆ ಎರಡು ಮನೆ, ಸಂಜೆಯ ಅಡುಗೆ ಒಂದೇ. ಹನ್ನೊಂದರ ದೊಡ್ಡವ, ಎಂಟರ ನಡುವಿನವ, ಐದರ ಸಣ್ಣವ, ಮೈದುನನ ಏಳು ವರ್ಷದ ಮಗಳು, ನಾವು ನಾಲ್ವರು ದೊಡ್ಡವರು, ಜೊತೆಗೆ ಸಂದರ್ಶಕ ವೀಸಾದ ಮೇಲೆ ಧಾರವಾಡದಿಂದ ಬಂದು ಆರು ತಿಂಗಳವರೆಗೆ ಇರುವ ಅತ್ತೆ. ಶಾಲೆಯ ಉಡುಪು ಒಗೆಯುವ ಯಂತ್ರ ಸೋಮವಾರದಿಂದ ಶುಕ್ರವಾರದವರೆಗೆ ಬಿಡುವು ಕಂಡಿದ್ದಿಲ್ಲ. ಮೊಣಕಾಲು ಹರಿಯದ ಪ್ಯಾಂಟು ಮೂರನೆಯವನವರೆಗೆ ಬಂದರೆ ದೊಡ್ಡದು, ನಾಲ್ಕನೆಯವನಿಗೆ ಹೊಸದೇ ತರಬೇಕು. ಇಲ್ಲಿ ಹನ್ನೆರಡು ವರ್ಷದೊಳಗಿನ, 135 ಸೆಂಟಿಮೀಟರಿಗಿಂತ ಕುಳ್ಳಗಿರುವ ಮಗುವಿಗೆ ಕಾರಿನಲ್ಲಿ ಪ್ರತ್ಯೇಕ ಆಸನ ಬೇಕೇಬೇಕು. ಹಾಗಾಗಿ ಕಾರೂ ಬದಲಾಗಬೇಕು. ಈ ಗಡಿಬಿಡಿಯನ್ನು ನಾನು ಭಾರವೆಂದುಕೊಂಡಿಲ್ಲ. ಹಾವೇರಿಯಲ್ಲಿ ನಾನು ಬೆಳೆದ ಮನೆಯಲ್ಲೂ ಊಟದ ಹೊತ್ತಿಗೆ ಯಾವಾಗಲೂ ಒಂದು ತಾಟು ಹೆಚ್ಚೇ ಬೇಕಾಗುತ್ತಿತ್ತು.

ಇಪ್ಪತ್ತನೆಯ ವಾರದ ಸ್ಕ್ಯಾನ್‌ನಲ್ಲಿ ಇಲ್ಲಿನ ಹೆಚ್ಚಿನ ಆಸ್ಪತ್ರೆಗಳಲ್ಲಿ ಬಯಸಿದವರಿಗೆ ಗಂಡೋ ಹೆಣ್ಣೋ ಹೇಳುತ್ತಾರೆ. ಹೃದಯದ ನಾಲ್ಕು ಕೋಣೆ, ಬೆನ್ನುಮೂಳೆ, ಮೂತ್ರಪಿಂಡ ಎಲ್ಲ ನೋಡಿದ ಮೇಲೆ ಸ್ಕ್ಯಾನ್ ಮಾಡುತ್ತಿದ್ದಾಕೆ, "ತಿಳಿಯಬೇಕೆ?" ಎಂದು ಕೇಳಿದಾಗ, ಮೊದಲ ಮಗುವಿನ ಸಲ ಹೇಗೋ ಹಾಗೇ ಈ ಸಲವೂ ನನ್ನ ಎದೆ ಒಂದು ಕ್ಷಣ ಬಿಗಿಯಿತು. ನಾನು ಬೆಳೆದ ನಾಡಿನ ಸ್ಕ್ಯಾನಿಂಗ್ ಸೆಂಟರುಗಳಲ್ಲಿ ಬಾಗಿಲ ಬಳಿಯೇ ಬೋರ್ಡು ಇರುತ್ತದೆ: ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ, ಅದು ಶಿಕ್ಷಾರ್ಹ ಅಪರಾಧ. 1994ರ ಕಾಯಿದೆಯ ಬೋರ್ಡು ಅದು. ಯಾಕೆ ಬೇಕಾಯಿತು ಎಂದು ಯಾರೂ ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. 2011ರ ಜನಗಣತಿಯಲ್ಲಿ ಕರ್ನಾಟಕದ ಆರು ವರ್ಷದವರೆಗಿನ ಮಕ್ಕಳಲ್ಲಿ 1,000 ಗಂಡಿಗೆ 948 ಹೆಣ್ಣು. 2023ರಲ್ಲಿ ಬೆಂಗಳೂರು ಪೊಲೀಸರು ಹಿಡಿದ ಜಾಲವೊಂದು ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಭ್ರೂಣಲಿಂಗ ಪತ್ತೆ ಮಾಡುತ್ತಿತ್ತು. ಬೆಲ್ಲ ಕುದಿಯುವ ಜಾಗದಲ್ಲಿ! ಆ ಸುದ್ದಿ ಓದಿದ ದಿನ ನಾನು ಇಲ್ಲಿಯ ಅಡುಗೆಮನೆಯಲ್ಲಿ ಬೆಲ್ಲದ ಡಬ್ಬಿ ಮುಚ್ಚಿಟ್ಟು ಸುಮ್ಮನೆ ಕೂತುಬಿಟ್ಟಿದ್ದೆ.

ಆದ್ದರಿಂದ ತಿಳಿಯಬಹುದು ಎಂಬ ಈ ಸ್ವಾತಂತ್ರ್ಯವನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ಕರ್ನಾಟಕದಲ್ಲಿ ಅದೆಷ್ಟೋ ಹೆಣ್ಣುಕೂಸುಗಳನ್ನು ಕಾಯುತ್ತಿರುವುದೇ ತಿಳಿಯದಿರುವಿಕೆ. ಇಲ್ಲಿ ತಿಳಿದುಕೊಂಡ ನಾನು ಆ ತಿಳಿವಳಿಕೆಯಿಂದ ಮಾಡಬಹುದಾದ ಮರ್ಯಾದೆಯ ಕೆಲಸ ಒಂದೇ: ಗಂಡೆಂದು ಬೀಗಬಾರದು, ಹೆಣ್ಣಲ್ಲವೆಂದು ಕೊರಗಬಾರದು. ಎರಡೂ ಒಂದೇ ತಕ್ಕಡಿಯ ಎರಡು ತಟ್ಟೆ.

"ಮೂರು ಗಂಡಾದ ಮೇಲೆ ನಾಕನೇದು ಹೆಣ್ಣಾಗಲೇಬೇಕು" ಎಂದು ಲೆಕ್ಕ ಹಾಕಿದವರೂ ಇದ್ದರು. ಹಾಗೇನೂ ಇಲ್ಲ. ಗಂಡೋ ಹೆಣ್ಣೋ ಎಂಬುದು, ತಂದೆಯ ಕಡೆಯಿಂದ ಬರುವ ವರ್ಣತಂತು ಎಕ್ಸೋ ವೈಯೋ ಎಂಬುದರ ಮೇಲೆ ನಿರ್ಧಾರವಾಗುತ್ತದೆ. ಜಗತ್ತಿನಲ್ಲಿ ಸಹಜವಾಗಿ 100 ಹೆಣ್ಣಿಗೆ ಸುಮಾರು 105 ಗಂಡು ಹುಟ್ಟುತ್ತವೆ. ಹಾರ್ವರ್ಡ್ ಸಂಶೋಧಕರು ಅಮೆರಿಕದ 58,000ಕ್ಕೂ ಹೆಚ್ಚು ನರ್ಸುಗಳ ಹೆರಿಗೆಯ ವಿವರ ನೋಡಿ 2025ರಲ್ಲಿ ಪ್ರಕಟಿಸಿದ ಅಧ್ಯಯನವಂತೂ, ಮೂರು ಗಂಡು ಹೆತ್ತವರಿಗೆ ಮುಂದಿನದೂ ಗಂಡಾಗುವ ಸಾಧ್ಯತೆ ಶೇ. 61 ಎಂದಿತು. ಇದನ್ನು ಓದಿ ಹೇಳಿದಾಗ ಅತ್ತೆಗೆ ಬಹಳ ಸಮಾಧಾನವಾಯಿತು. ಬಸುರಿಯ ಹೊಟ್ಟೆ ಯಾವ ಕಡೆ ವಾಲಿದೆ, ಹುಳಿ ಬೇಕೆನ್ನುತ್ತಾಳೋ ಸಿಹಿಯೋ ಎಂಬ ಊರ ಲೆಕ್ಕಗಳೆಲ್ಲ ಅವರಿಗೂ ಸಾಕಾಗಿಹೋಗಿದ್ದವು.

ಅತ್ತೆಯ ಕೊರಗು ಬೇರೆ, ಅದಕ್ಕೆ ತೂಕವಿದೆ. "ಹೆಣ್ಣೊಂದು ಇರಬೇಕಿತ್ತವಾ ಮನ್ಯಾಗ. ನಾಳೆ ಇವ್ರ ಮಕ್ಕಳಿಗೆ ಹೆಸರಿಡಾಕ ಯಾರು ಬರ್ತಾರ?" ನಮ್ಮ ಕಡೆ ಹೆಸರಿಡುವ ದಿನ ಕೂಸಿನ ಕಿವಿಯಲ್ಲಿ "ಕುರ್ರ್" ಎಂದು ಹೆಸರು ಉಸುರುವ ಹಕ್ಕು ಸೋದರತ್ತೆಯದು, ಅವಳು ಬಗ್ಗಿದಾಗ ಸುತ್ತ ನಿಂತ ಹೆಂಗಸರು ನಗುನಗುತ್ತ ಅವಳ ಬೆನ್ನಿಗೆ ಗುದ್ದುತ್ತಾರೆ. ಅವಳಿಗೆ ಸೀರೆ, ಅವಳಿಗೆ ಮರ್ಯಾದೆ. ಮದುವೆಯಾಗಿ ಬೇರೆ ಮನೆ ಸೇರಿದ ಹೆಣ್ಣುಮಗಳನ್ನು ತವರು ಮತ್ತೆ ಕರೆದು, ಈ ಮನೆಯಲ್ಲಿ ನಿನ್ನ ಬಾಯಿಂದ ಬಾರದೆ ಹೆಸರೂ ಇಲ್ಲ ಎಂದು ಒಪ್ಪಿಕೊಳ್ಳುವ ಗಳಿಗೆ ಅದು. ಸಣ್ಣವ ಹುಟ್ಟಿದ್ದು ಕೊರೊನಾ ಕಾಲದಲ್ಲಿ. ಬೆಳಗಾವಿಯ ನಾದಿನಿ ಬರುವಂತಿರಲಿಲ್ಲ. ಫೋನನ್ನು ಕೂಸಿನ ಕಿವಿಯ ಹತ್ತಿರ ಹಿಡಿದೆವು, ಅವಳು ಅಲ್ಲಿಂದಲೇ ಹೆಸರು ಕರೆದಳು, ಆಮೇಲೆ ಅಲ್ಲೇ ಅತ್ತಳು. ನಾಲ್ಕು ಗಂಡುಮಕ್ಕಳ ಮನೆಯಲ್ಲಿ ಮುಂದಿನ ತಲೆಮಾರಿಗೆ ಆ ಜಾಗ ಖಾಲಿ ಎಂದು ಅತ್ತೆ ಸಂಕಟಪಟ್ಟರೆ ನಾನು ಅದನ್ನು ಹಳೆಯ ಕಾಲದ ಮಾತೆಂದು ತಳ್ಳಿಹಾಕುವುದಿಲ್ಲ. ಮೂರನೆಯ ಬಾಗಿಲಿನ ಹುಡುಗಿಯನ್ನು ತೋರಿಸುತ್ತೇನೆ. ಅವಳು ಇವರ ಜೊತೆ ಒಂದೇ ತಟ್ಟೆಯಲ್ಲಿ ಚುರುಮುರಿ ತಿಂದು ಬೆಳೆದವಳು. ಸೋದರತ್ತೆಯಾಗಲು ಅಷ್ಟು ಸಾಲದೆ?

ಆದರೆ, "ಮಗಳಿದ್ದರೆ ತಾಯಿಗೆ ಆಸರೆ" ಎನ್ನುವ ಮಾತಿದೆಯಲ್ಲ, ಅದರ ಹತ್ತಿರ ನನಗೆ ಸುಮ್ಮನಿರಲಾಗುವುದಿಲ್ಲ. ನನಗೆ ಇಬ್ಬರು ಅಕ್ಕಂದಿರು, ಒಬ್ಬ ಅಣ್ಣ. ಅವ್ವನ ಮೊಣಕಾಲಿನ ಆಪರೇಷನ್ ಆದಾಗ ದೊಡ್ಡಕ್ಕ ರಜೆ ಹಾಕಿ ಬಂದಳು, ನಡುವಿನ ಅಕ್ಕ ಮಕ್ಕಳನ್ನು ಕಟ್ಟಿಕೊಂಡು ಬಂದಳು, ನಾನು ಇಲ್ಲಿಂದ ದಿನಾ ಎರಡು ಹೊತ್ತು ಫೋನ್ ಹಚ್ಚಿ ಗುಳಿಗೆ ನುಂಗಿದಳೋ ಇಲ್ಲವೋ ಕೇಳುತ್ತಿದ್ದೆ. ಅಣ್ಣ ದುಡ್ಡು ಕೊಟ್ಟ, ಆಸ್ಪತ್ರೆಗೆ ಓಡಾಡಿದ, ಹೊರಗಿನ ಬೆಂಚಿನ ಮೇಲೆ ರಾತ್ರಿಯೆಲ್ಲ ಕೂತ. ಅವ್ವನ ಕಾಲು ಒತ್ತಲು, ತಲೆ ಬಾಚಲು, ಬಾತ್‌ರೂಮಿಗೆ ಕೈಹಿಡಿದು ಕರೆದೊಯ್ಯಲು ಅವನನ್ನು ಯಾರೂ ಕರೆಯಲಿಲ್ಲ. ಅವನಿಗೂ ಹೊಳೆಯಲಿಲ್ಲ. ಅವನಿಗೆ ಪ್ರೀತಿ ಕಡಿಮೆ ಇತ್ತೆಂದು ನಾನು ಯಾವತ್ತೂ ಹೇಳಲಾರೆ. ಒಳಗೆ ಬರಲಾಗದೆ ಬಾಗಿಲಲ್ಲಿ ನಿಂತ ಅವನ ಮುಖ ನನಗೆ ವಿಡಿಯೋ ಕರೆಯಲ್ಲಿ ಕಂಡಿದೆ. ಒಳಗಿನ ಕೆಲಸವನ್ನು ಚಿಕ್ಕಂದಿನಲ್ಲಿ ಯಾರೂ ಅವನ ಕೈಗೆ ಕೊಟ್ಟಿರಲಿಲ್ಲ, ಅಷ್ಟೇ. ಹೆಣ್ಣಿಲ್ಲದ ಮನೆ ಎಂದು ಮರುಗುವವರು ಮರುಗುವುದು ಬಹುಪಾಲು ಇದಕ್ಕೇ: ಹತ್ತಿರ ಕೂತು ಕೇಳುವವರಿಲ್ಲ, ಬಿಸಿನೀರು ಕಾಯಿಸಿ ಕೊಡುವವರಿಲ್ಲ, ಮನಸ್ಸಿನ ಮಾತು ಹಂಚಿಕೊಳ್ಳಲು ಯಾರೂ ಇಲ್ಲ. ಇವೆಲ್ಲ ಎಕ್ಸ್ ವರ್ಣತಂತುವಿನೊಳಗೆ ಬರೆದಿಟ್ಟ ಗುಣಗಳಲ್ಲ. ಕಲಿಸುವ ಕೆಲಸಗಳು. ಹುಟ್ಟದ ಮಗಳ ತಲೆಯ ಮೇಲೆ ಅವನ್ನು ಹೊರಿಸಿ ಕಾಯುವುದು ಅವಳಿಗೂ ಅನ್ಯಾಯ, ಹುಟ್ಟಿದ ಗಂಡುಮಕ್ಕಳಿಗೂ ಅನ್ಯಾಯ.

ನಮ್ಮ ದೊಡ್ಡವ ರೊಟ್ಟಿ ಬಡಿಯಲು ಕಲಿಯುತ್ತಿದ್ದಾನೆ. ಮೊದಲ ದಿನ ಹಿಟ್ಟಿಗೆ ಕೈಹಾಕಿದಾಗ ಅತ್ತೆಯ ಹುಬ್ಬು ಗಂಟಾಗಿತ್ತು. ಈಗ ಅವನ ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂರುತ್ತಾರೆ. "ಅಂಚು ಯಾಕ ಒಡೀತೈತಿ ಹೇಳು? ಎಸರು ಸರಿ ಕುದ್ದಿಲ್ಲ. ನೀರು ಕುದಿಯೂ ಮಟ ತಡಿ, ಆಮ್ಯಾಗ ನಾದು." ಅವನು ತಡೆಯುತ್ತಾನೆ. ಜೋಳದ ಹಿಟ್ಟಿಗೆ ಗೋಧಿಯ ಅಂಟಿಲ್ಲ. ಕುದಿವ ನೀರು ಬಿದ್ದರೆ ಮಾತ್ರ ಅದು ಒಗ್ಗೂಡುತ್ತದೆ. ಇದು ಅವನಿಗೆ ಶಾಲೆಯ ವಿಜ್ಞಾನಕ್ಕಿಂತ ಚೆನ್ನಾಗಿ ಅರ್ಥವಾಗಿದೆ. ಮೊನ್ನೆ ನನಗೆ ತಲೆ ಸುತ್ತಿ ಮಲಗಿದ್ದಾಗ ಅಂಚೊಡೆದ ಎರಡು ರೊಟ್ಟಿ, ಮೊಸರು, ಶೇಂಗಾ ಚಟ್ನಿಪುಡಿ ತಂದಿಟ್ಟು, ನಾನು ಉಣ್ಣುವವರೆಗೂ ಮಂಚದ ತುದಿಯಲ್ಲಿ ಕೂತಿದ್ದ. ಅಂಥ ಊಟ ನಾನು ಎಲ್ಲೂ ಉಂಡಿಲ್ಲ.

ಮೂರೂ ಗಂಡು ಎಂದರೆ ಮೂರೂ ಒಂದೇ ಎಂದು ತಿಳಿಯುವವರು ನಮ್ಮ ಮನೆಯಲ್ಲಿ ಒಂದು ಸಂಜೆ ಕಳೆಯಬೇಕು. ದೊಡ್ಡವನು ಮೌನಿ, ಯಾರು ಏನು ಹೇಳಿದರೂ ವರ್ಷ ಕಳೆದರೂ ನೆನಪಿಡುವವ. ನಡುವಿನವನಿಗೆ ಕಾಲು ನೆಲಕ್ಕೆ ನಿಲ್ಲದು, ಆದರೆ ಸತ್ತ ಜೇನುಹುಳ ಕಂಡರೆ ಕಣ್ಣೀರು. ಸಣ್ಣವ ಮಾತಿನ ಮಲ್ಲ. ಹೊಟ್ಟೆಯೊಳಗಿರುವವನಿಗೆ ಇಂಗ್ಲಿಷ್ ಬರುವುದಿಲ್ಲವೆಂದು ತಾನೇ ತೀರ್ಮಾನಿಸಿ, ಇಡೀ ದಿನದ ಸುದ್ದಿಯನ್ನು ಕನ್ನಡಕ್ಕೆ ತಿರುಗಿಸಿ ಹೊಟ್ಟೆಗೆ ಬಾಯಿಟ್ಟು ಹೇಳುತ್ತಾನೆ. ಬಸಿರಿನ ಆರನೆಯ ತಿಂಗಳ ಹೊತ್ತಿಗೆ ಕೂಸು ಹೊರಗಿನ ಸದ್ದಿಗೆ ಸ್ಪಂದಿಸತೊಡಗುತ್ತದೆ, ಆದ್ದರಿಂದ ಇದು ವ್ಯರ್ಥ ಮಾತಲ್ಲ. ಈ ಮಗುವಿನ ಮಿಸುಕಾಟ ನನಗೆ ಬೇಗ ತಿಳಿಯಿತು, ಹದಿನಾರನೆಯ ವಾರಕ್ಕೇ. ಚೊಚ್ಚಲಲ್ಲಿ ಅದು ವಾಯುವೋ ಮಗುವೋ ಗೊತ್ತಾಗದೆ ಇಪ್ಪತ್ತನೆಯ ವಾರದವರೆಗೂ ಕಾದಿದ್ದೆ. ದೇಹ ಕಲಿಯುತ್ತದೆ. ಈ ಸಲ ಅವನು ಮೊದಲು ಮಿಸುಕಿದಾಗ ನಾನು ಸೂಪರ್‌ಮಾರ್ಕೆಟ್ಟಿನ ಸಾಲಿನಲ್ಲಿದ್ದೆ. ಕೈಯಲ್ಲಿದ್ದ ಈರುಳ್ಳಿ ಚೀಲ ಕೆಳಗಿಟ್ಟು ಅಲ್ಲೇ ನಿಂತೆ.

ದೇಹ ಕಲಿಯುವುದಷ್ಟೇ ಅಲ್ಲ, ಇಟ್ಟುಕೊಳ್ಳುತ್ತದೆ ಕೂಡ. ಬಸಿರಿನಲ್ಲಿ ಮಗುವಿನ ಜೀವಕೋಶಗಳು ತಾಯಿಯ ರಕ್ತಕ್ಕೆ ದಾಟುತ್ತವೆ. 1996ರಲ್ಲಿ ಡಯಾನಾ ಬಿಯಾಂಚಿ ಅವರ ತಂಡ, 27 ವರ್ಷಗಳ ಹಿಂದೆ ಮಗ ಹುಟ್ಟಿದ್ದ ಒಬ್ಬ ತಾಯಿಯ ರಕ್ತದಲ್ಲಿ ಇನ್ನೂ ಅಂಥ ಕೋಶಗಳಿರುವುದನ್ನು ತೋರಿಸಿತು. ಇದು ಪತ್ತೆಯಾದದ್ದು ಗಂಡುಮಕ್ಕಳ ತಾಯಂದಿರಲ್ಲಿ ಎಂಬುದಕ್ಕೆ ಕಾರಣ ಸರಳ: ಹೆಣ್ಣಿನ ದೇಹದಲ್ಲಿ ವೈ ಇರುವುದಿಲ್ಲ, ಆದ್ದರಿಂದ ಅಲ್ಲಿ ವೈ ಕಂಡರೆ ಅದು ಬೇರೆಯವರದೆಂದು ಕೂಡಲೇ ಗುರುತು ಸಿಗುತ್ತದೆ. ಹೆಣ್ಣುಮಕ್ಕಳ ಕೋಶಗಳೂ ದಾಟುತ್ತವೆ, ಉಳಿಯುತ್ತವೆ. ಹುಡುಕುವುದು ಕಷ್ಟ ಅಷ್ಟೇ. ಓದಿದಾಗ ನನಗೆ ಅವ್ವನ ನೆನಪಾಯಿತು. ಹಾವೇರಿಯ ಪಡಸಾಲೆಯಲ್ಲಿ ಕೂತ ಆಕೆಯ ರಕ್ತದಲ್ಲಿ ನಾನೂ ಇದ್ದಿರಬಹುದು, ಬಾಗಿಲಲ್ಲಿ ನಿಂತ ಅಣ್ಣನೂ.

ಧಾರವಾಡದ ಮನೆಯ ಅಟ್ಟದ ಮೇಲೆ ಕಲಘಟಗಿಯ ತೊಟ್ಟಿಲೊಂದಿದೆ. ಸಾಗುವಾನಿ ಮರ, ಅರಗಿನ ಬಣ್ಣ, ಪಟ್ಟಿಯ ಸುತ್ತ ಕೃಷ್ಣನ ಆಟಗಳ ಚಿತ್ರ. ನನ್ನ ಮಾವ, ನನ್ನ ಗಂಡ, ಮೈದುನ, ನಾದಿನಿ ಎಲ್ಲ ಅದರಲ್ಲೇ ಮಲಗಿದವರು. ನಂಟರ ಮನೆಗಳಿಗೂ ಬಾಣಂತನಕ್ಕೆ ಹೋಗಿ ಬಂದಿದೆ. ಇಲ್ಲಿಗೆ ತರುವ ಮಾತಿಲ್ಲ. ಮೊದಲ ಆರು ತಿಂಗಳು ಮಗು ನಮ್ಮ ಕೋಣೆಯಲ್ಲೇ, ಗಟ್ಟಿ ಸಮತಟ್ಟಾದ ಹಾಸಿಗೆಯ ಮೇಲೆ, ಅಂಗಾತ ಮಲಗಬೇಕು, ಮೇಲೆ ಸಡಿಲ ಹೊದಿಕೆ ಇರಬಾರದು ಎಂದು ಇಲ್ಲಿನ ದಾದಿಯರು ಪ್ರತಿ ಸಲವೂ ತಾಳ್ಮೆಯಿಂದ ಹೇಳಿಕೊಡುತ್ತಾರೆ. ಅದು ಜೀವ ಉಳಿಸುವ ಮಾತು, ನಾವು ಪಾಲಿಸುತ್ತೇವೆ. ಅತ್ತೆ ಹೊಲಿಯುತ್ತಿರುವ ಕೌದಿ ಅದಕ್ಕೇ ಹೊದೆಯಲಲ್ಲ, ನೆಲಕ್ಕೆ ಹಾಸಿ ಎಚ್ಚರವಿರುವಾಗ ಅವನನ್ನು ಬೋರಲು ಬಿಡಲು. ನನ್ನ ಎರಡು ಹಳೆಯ ಸೀರೆ, ನೆಗೆಣ್ಣಿಯ ಒಂದು, ನಾದಿನಿ ಕಳಿಸಿದ ಇಳಕಲ್ ಸೀರೆಯ ಸೆರಗು. ನಾಲ್ಕು ಮೂಲೆಗೂ ನಾಲ್ಕು ಮಕ್ಕಳ ಹಳೆಯ ಅಂಗಿಯ ತುಂಡು ಇರಲಿ ಎಂದಿದ್ದು ಮೈದುನನ ಮಗಳು. ಬರುವವನಿಗೆ ಅಂಗಿ ಇನ್ನೂ ಇಲ್ಲದ್ದರಿಂದ ನಾಲ್ಕನೆಯ ಮೂಲೆ ತನ್ನದೇ ಎಂದು ಹಕ್ಕು ಸಾಧಿಸಿದಳು. ಮೂವರೂ ಒಪ್ಪಿದರು.

ಹೆಸರಿನ ವಿಷಯ ಇನ್ನೂ ಬಗೆಹರಿದಿಲ್ಲ. ಮಾವನ ಹೆಸರು ದೊಡ್ಡವನಿಗೆ ಹೋಯಿತು, ನನ್ನ ಅಪ್ಪನದು ನಡುವಿನವನಿಗೆ. ಹುಟ್ಟಿದ 42 ದಿನದೊಳಗೆ ಇಲ್ಲಿ ನೋಂದಣಿಯಾಗಬೇಕು; ಅಷ್ಟರೊಳಗೆ ಬೆಳಗಾವಿಯಿಂದ ನಾದಿನಿ ಬಂದೇ ಬರುತ್ತಾಳೆ, ಈ ಸಲ ಫೋನಿನ ಮಾತೇ ಇಲ್ಲ, ರಜೆ ಈಗಲೇ ಬರೆದುಕೊಟ್ಟಿದ್ದಾಳೆ. ಅಂಟಿನುಂಡೆಗೆ ಅಂಟು, ಕೊಬ್ಬರಿ, ಉತ್ತತ್ತಿ ಅವಳೇ ತರುತ್ತಾಳಂತೆ. ಮೈದುನನ ಮಗಳು ಅಜ್ಜಿಯ ಹತ್ತಿರ ಈಗಾಗಲೇ ತಾಲೀಮು ಶುರುಮಾಡಿದ್ದಾಳೆ. ಗೊಂಬೆಯ ಕಿವಿಗೆ ಬಾಯಿಟ್ಟು "ಕುರ್ರ್" ಎನ್ನುತ್ತಾಳೆ, ಮೂವರು ಹುಡುಗರು ಹಿಂದೆ ಸಾಲಾಗಿ ನಿಂತು ಬೆನ್ನಿಗೆ ಗುದ್ದಲು ಸರದಿ ಕಾಯುತ್ತಾರೆ. "ಮೆಲ್ಲಕ, ಮೆಲ್ಲಕ" ಎಂದು ಅತ್ತೆ ಕೂಗುತ್ತಲೇ ಇರುತ್ತಾರೆ.