ಯಂತ್ರಕಂಠದಲ್ಲಿ ಹತ್ತು ರಾಗಗಳು

ಹಾರ್ಮೋನಿಯಮ್ ವಾದ್ಯಕ್ಕೆ 1940ನೆಯ ಇಸವಿಯಲ್ಲಿ ಆಕಾಶವಾಣಿಯವರು ಬಹಿಷ್ಕಾರ ಹಾಕಿದ ಸಂಗತಿಯು ವಾಚಕರಲ್ಲಿ ಕೆಲವರಿಗಾದರೂ ವಿದಿತವಾಗಿರಬಹುದು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡು ಆ ಪೆಟ್ಟಿಗೆಯಲ್ಲಿ ಬಾರದು, ಅದರ ಸ್ವರಸ್ಥಾನಗಳು ನಮ್ಮ ಶ್ರುತಿಗಳಿಗೆ ಒಗ್ಗವು, ಮೇಲಾಗಿ ಅದು ಪರದೇಶದಿಂದ ಬಂದುದು, ಎಂಬಿವೇ ಅದರ ಮೇಲಿದ್ದ ಆರೋಪಗಳು. ಬಹಿಷ್ಕಾರವು ಸಡಿಲವಾಗಲು 1971ರ ವರೆಗೆ ಕಾಯಬೇಕಾಯಿತು. ಆ ಮೂವತ್ತೊಂದು ವರ್ಷಗಳ ಕಾಲವೂ ನಮ್ಮ ಕರಾವಳಿಯ ಭಜನಾಮಂದಿರಗಳಲ್ಲಿಯೂ ನಾಟಕದ ಚಪ್ಪರಗಳಲ್ಲಿಯೂ ಹಾರ್ಮೋನಿಯಮ್ಮು ತನ್ನ ಪಾಡಿಗೆ ತಾನು ನುಡಿಯುತ್ತಲೇ ಇದ್ದಿತು. ಪಂಡಿತರ ನಿಷೇಧವೂ ಜನರ ಕಿವಿಯೂ ಹೀಗೆ ಪರಸ್ಪರ ಮುಖ ನೋಡದೆ ಒಂದೇ ದಾರಿಯಲ್ಲಿ ನಡೆಯುವುದು ಸಂಗೀತಪ್ರಪಂಚದಲ್ಲಿ ಅಪೂರ್ವವೇನೂ ಅಲ್ಲ.

ಅನಂತರ ವಿದ್ಯುದ್ಯಂತ್ರಗಳ ಸರದಿ ಬಂದಿತು. 1979ರಲ್ಲಿ ಬೆಂಗಳೂರಿನ ಜಿ. ರಾಜನಾರಾಯಣರೆಂಬವರು, ಎಂಜಿನಿಯರರೂ ಹೌದು, ಕೊಳಲುವಾದಕರೂ ಹೌದು, ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯನ್ನು ನಿರ್ಮಿಸಿದರು. ಹಾಸ್ಯಗಾರರ ಮನೆತನದಿಂದ ಯಕ್ಷಗಾನಕ್ಕೆ ಹೆಸರಾದ ನಮ್ಮ ಕರ್ಕಿಯಲ್ಲಿ ಆ ಜಾತಿಯ ಪೆಟ್ಟಿಗೆಯು ಭಾಗವತರ ಮಗ್ಗುಲಲ್ಲಿ ಬಂದು ಕುಳಿತು ಎಷ್ಟೋ ಕಾಲವಾಯಿತು. ಅದನ್ನು ಕುರಿತು ಈಗ ಯಾರೂ ವಾದಿಸುವುದಿಲ್ಲ. ಆದರೆ ಶ್ರುತಿಯನ್ನು ಹಿಡಿಯಬಲ್ಲ ಯಂತ್ರವು ರಾಗವನ್ನೂ ಹಿಡಿಯಬಲ್ಲುದೆ? ಈ ಪ್ರಶ್ನೆಯನ್ನು ನಮ್ಮ ಜಗಲಿಗೆ ತಂದವನು ನನ್ನ ತಂಗಿಯ ಮಗ. ವೈಶಾಖದ ರಜೆಯಲ್ಲಿ ಬಂದಿದ್ದ ಅವನು ಒಂದು ಸಂಜೆ ತನ್ನ ಪುಟ್ಟ ಯಂತ್ರವನ್ನು ಮಣೆಯ ಮೇಲಿಟ್ಟು, “ಮಾವ, ನೀವು ಇದನ್ನು ಬಯ್ಯಬೇಕು, ಅದಕ್ಕಾಗಿಯೇ ತಂದಿದ್ದೇನೆ” ಎಂದನು.

ಅವನು ತಂದುದು 1982ರಲ್ಲಿ ಮುಂಬಯಿಯ ಚರಣಜಿತ್ ಸಿಂಗರು ಮಾಡಿದ ಧ್ವನಿಮುದ್ರಿಕೆ. ‘ಟೆನ್ ರಾಗಾಸ್ ಟು ಎ ಡಿಸ್ಕೋ ಬೀಟ್’ ಎಂದು ಅದರ ಹೆಸರು. ಸಿಂಗರು ಚಲನಚಿತ್ರಗಳ ವಾದ್ಯವೃಂದದಲ್ಲಿ ಗಿಟಾರ್ ಮೊದಲಾದುವನ್ನು ನುಡಿಸುತ್ತಿದ್ದವರು. ಜಪಾನಿನ ರೋಲಂಡ್ ಕಂಪನಿಯ ಮೂರು ಯಂತ್ರಗಳು, ಅಂದರೆ ಮೇಳನಾದವನ್ನು ಹುಟ್ಟಿಸುವ ಜುಪಿಟರ್-8, ತಾಳ ಹಾಕುವ ಟಿ.ಆರ್.-808, ಮಂದ್ರಸ್ವರಗಳನ್ನು ತಾನೇ ತಾನಾಗಿ ಸುತ್ತಿಸುತ್ತಿರುವ ಟಿ.ಬಿ.-303, ಇವನ್ನು ಜೋಡಿಸಿಕೊಂಡು, ತಬಲೆಯೂ ಇಲ್ಲದೆ ತಂಬೂರಿಯೂ ಇಲ್ಲದೆ, ಲಲಿತ, ತೋಡಿ, ಭೂಪಾಲಿ, ಯಮನ್, ಕಲಾವತಿ, ಮಾಲಕೌಂಸ ಮುಂತಾದ ಹತ್ತು ರಾಗಗಳನ್ನು ಒಂದೊಂದಕ್ಕೆ ಸುಮಾರು ಐದು ನಿಮಿಷದಂತೆ ನುಡಿಸಿದ್ದಾರೆ. ಅದು ದೇಶವೆಲ್ಲ ಡಿಸ್ಕೋ ಎಂದು ಕುಣಿಯುತ್ತಿದ್ದ ಕಾಲ.

ಭರತಮುನಿಯು ವಾದ್ಯಗಳನ್ನು ತತ, ಅವನದ್ಧ, ಘನ, ಸುಷಿರವೆಂದು ನಾಲ್ಕಾಗಿ ವಿಂಗಡಿಸಿರುವನು. ಈ ಯಂತ್ರವನ್ನು ಯಾವ ಪಂಕ್ತಿಯಲ್ಲಿ ಕೂರಿಸೋಣ? ತಂತಿಯಿಲ್ಲ, ಚರ್ಮವಿಲ್ಲ, ಕಂಚಿಲ್ಲ, ಗಾಳಿಯ ಕೊಳವೆಯಿಲ್ಲ, ವಿದ್ಯುತ್ಪ್ರವಾಹದ ಕಂಪನವೊಂದೇ. ನಾನು ಹೀಗೆನ್ನಲು ಅಳಿಯನು ನಕ್ಕು, “ಕೊನೆಗೆ ಸ್ಪೀಕರಿನೊಳಗೆ ಬಿಗಿದ ತೆಳುಹಾಳೆಯೇ ನಡುಗುವುದಲ್ಲವೆ, ಮಾವ? ಅವನದ್ಧವೆಂದು ಬರೆದುಕೊಳ್ಳಿ” ಎಂದನು. ಉತ್ತರವು ಚಮತ್ಕಾರದ್ದಾದರೂ ಶಾಸ್ತ್ರಕ್ಕೆ ಸಲ್ಲದು.

ಆ ಸಂಜೆ ನೆರೆದವರ ಅಭಿಪ್ರಾಯಗಳನ್ನು ಕೇಳಿರಿ. ನನ್ನ ಶಿಷ್ಯೆಯೊಬ್ಬಳು ಹೊನ್ನಾವರದಲ್ಲಿ ಮಕ್ಕಳಿಗೆ ಹಿಂದುಸ್ತಾನಿ ಗಾಯನವನ್ನು ಕಲಿಸುತ್ತಾಳೆ. ಲಲಿತವನ್ನು ಕೇಳಿ ಅವಳ ಮುಖವು ಬಾಡಿತು. ಲಲಿತದಲ್ಲಿ ಪಂಚಮವಿಲ್ಲ, ಎರಡು ಮಧ್ಯಮಗಳೂ ಒಂದರ ಬೆನ್ನಿಗೊಂದು ಬರುವುವು, ಬೆಳಗಿನ ಜಾವದಲ್ಲಿ ಹಾಡುವವರು ಆ ಎರಡರ ನಡುವೆ ನಿಂತು ಎಷ್ಟೋ ಹೊತ್ತು ಕಳೆಯುತ್ತಾರೆ. “ಇಲ್ಲಿ ಮಧ್ಯಮಗಳು ರೈಲಿನ ಕಿಟಕಿಯಿಂದ ಕಂಡ ಕಂಬಗಳ ಹಾಗೆ ಓಡಿಹೋದುವು, ಮಾಸ್ತರೇ. ಇದು ರಾಗವಲ್ಲ, ರಾಗದ ಎಲುಬು” ಎಂದಳು. ನೆರೆಮನೆಯ ಭಾಗವತರು ಕವಳವನ್ನು ದವಡೆಗೆ ಸರಿಸಿ, “ಸ್ವರ ತಪ್ಪಿಲ್ಲ. ಆದರೆ ಚಂಡೆಯವ ಹಾಡುವವನ ಮುಖ ನೋಡುವುದೇ ಇಲ್ಲವಲ್ಲ!” ಎಂದರು. ಬಯಲಾಟದಲ್ಲಿ ಭಾಗವತರ ಕೈಯ ತಾಳವು ತುಸು ಅವಸರಗೊಂಡರೆ ಮದ್ದಲೆಯೂ ಚಂಡೆಯೂ ಆ ಕ್ಷಣವೇ ಅರಿಯುತ್ತವೆ. ಈ ತಾಳಯಂತ್ರಕ್ಕೆ ಅಂತಹ ದಾಕ್ಷಿಣ್ಯವಿಲ್ಲ. ಮೊದಲಿನಿಂದ ಕೊನೆಯ ವರೆಗೆ ಒಂದೇ ಲಯ. ನಮ್ಮ ಮನೆಯಾಕೆ ಮಾತ್ರ ಒಳಗೆ ಹಲಸಿನ ಹಪ್ಪಳ ಒತ್ತುತ್ತಿದ್ದವಳು, ತಾಳಕ್ಕೆ ಸರಿಯಾಗಿ ಮಣೆಯನ್ನು ಒತ್ತುತ್ತ, ಇದು ಕೆಲಸದ ಹೊತ್ತಿಗೆ ಬಹಳ ಒಳ್ಳೆಯದೆಂದು ತೀರ್ಪು ಕೊಟ್ಟಳು.

ನನ್ನ ಅಭಿಪ್ರಾಯವು ಈ ಮೂರಕ್ಕೂ ಸ್ವಲ್ಪ ಬೇರೆ. ಜನರ ಚಿತ್ತವನ್ನು ರಂಜಿಸುವ ವಿಶಿಷ್ಟ ಧ್ವನಿಯೇ ರಾಗವೆಂದು ಮತಂಗನ ಲಕ್ಷಣವಷ್ಟೆ? ಆ ಧ್ವನಿಯು ಕಂಠದಿಂದಲೇ ಬರಬೇಕೆಂದು ಅವನು ಕಟ್ಟುಮಾಡಿಲ್ಲ. ಹತ್ತು ರಾಗಗಳನ್ನು ಮೂರು ಸಲ ಕೇಳಿದ ಮೇಲೆ ನನಗೆ ಹೊಳೆದುದಿಷ್ಟು: ಮಾಲಕೌಂಸ, ಕಲಾವತಿ, ಭೂಪಾಲಿಗಳು ಗೆದ್ದಿವೆ, ಲಲಿತ, ತೋಡಿಗಳು ಸೋತಿವೆ. ಕಾರಣವಿಲ್ಲದೆ ಹೀಗಾಗಿಲ್ಲ. ಮೊದಲಿನ ಮೂರೂ ಔಡವಗಳು, ಐದೇ ಸ್ವರದವು. ಕರ್ನಾಟಕ ಪದ್ಧತಿಯವರು ಅವನ್ನು ಹಿಂದೋಳ, ವಲಚಿ, ಮೋಹನಗಳೊಡನೆ ಹೋಲಿಸಿ ತಿಳಿದುಕೊಳ್ಳಬಹುದು. ಅವುಗಳ ಗುರುತು ಬಹುಮಟ್ಟಿಗೆ ಸ್ವರಗಳ ಹೊಂದಿಕೆಯಲ್ಲಿಯೇ ಇರುವುದರಿಂದ ಓಡಿದರೂ ಮುಖವು ಗುರುತು ಸಿಗುವುದು. ತೋಡಿಯ ಗುರುತಾದರೋ ಅದರ ಅತಿಕೋಮಲವಾದ ಗಾಂಧಾರದಲ್ಲಿದೆ. ಸಪ್ತಕವನ್ನು ಹನ್ನೆರಡು ಸಮಭಾಗ ಮಾಡಿದ ಮನೆಗಳಲ್ಲಿ ಆ ಗಾಂಧಾರಕ್ಕೆ ಜಾಗವೇ ಇಲ್ಲ. ಹಾಗೆಂದು ಇದನ್ನು ಹಾರ್ಮೋನಿಯಮ್ಮಿನ ಮೇಲಣ ಹಳೆಯ ಆರೋಪವೇ ಎನ್ನಬೇಡಿರಿ. ಈ ಯಂತ್ರಗಳಲ್ಲಿ ಸ್ವರದಿಂದ ಸ್ವರಕ್ಕೆ ಜಾರುವ ಉಪಾಯವುಂಟು. ಸಿಂಗರು ಅದನ್ನು ಮೀಂಡಿಗಾಗಿ ಬಳಸಿಕೊಂಡಿದ್ದಾರೆ. ಮೇಘಮಲ್ಹಾರದಲ್ಲಿ ಒಂದೆರಡು ಕಡೆ ಆ ಜಾರು ಎಷ್ಟು ಮೆತ್ತಗಿದೆಯೆಂದರೆ ಶಿಷ್ಯೆಯೂ ಸುಮ್ಮನಾದಳು.

ಸಮುದ್ರದಾಚೆಯ ಕೇಳುಗರ ಮಾತು ಇನ್ನೂ ವಿಚಿತ್ರವಾಗಿದೆ. ಈ ತಟ್ಟೆಯು ಹೊರಟಾಗ ಕೊಳ್ಳುವವರಿಲ್ಲದೆ ಮೂಲೆಗೆ ಬಿದ್ದಿತು. 2002ರಲ್ಲಿ ಹಾಲಂಡಿನ ಸಂಗ್ರಾಹಕರೊಬ್ಬರಿಗೆ ದಿಲ್ಲಿಯಲ್ಲಿ ಸಿಕ್ಕಿ, 2010ರಲ್ಲಿ ಅವರಿಂದ ಪುನಃ ಪ್ರಕಟವಾಯಿತು. ಅಮೆರಿಕದ ಶಿಕಾಗೋ ನಗರದಲ್ಲಿ ಅದೇ ಟಿ.ಬಿ.-303ರಿಂದ ಹುಟ್ಟಿದ ‘ಆಸಿಡ್ ಹೌಸ್’ ಎಂಬ ಕುಣಿತದ ಸಂಗೀತದ ಆದಿಮುದ್ರಿಕೆಯೆಂದು ಹೇಳುವುದು 1987ರದನ್ನು. ಅದಕ್ಕೆ ಐದು ವರ್ಷ ಮೊದಲೇ ಮುಂಬಯಿಯಲ್ಲಿ ಅಂತಹುದೇ ನಾದವು ಹೊರಟಿತ್ತೆಂದರೆ ಹಲವರು ನಂಬಲೊಲ್ಲದೆ, ಇದು ಇತ್ತೀಚೆಗೆ ಯಾರೋ ಹೂಡಿದ ಕೃತ್ರಿಮವೆಂದು ಶಂಕಿಸಿದರು. ನನಗೆ ಭಾಸನ ನೆನಪಾಯಿತು. ತಿರುವನಂತಪುರದ ಗಣಪತಿ ಶಾಸ್ತ್ರಿಗಳು 1912ರಿಂದ ಭಾಸನವೆಂದು ಹದಿಮೂರು ನಾಟಕಗಳನ್ನು ಪ್ರಕಟಿಸಿದಾಗ, ಇವು ಕೇರಳದ ನಟರು ಕೂಡಿಸಿದ ಕಂತೆಗಳೆಂದು ವಾದಿಸಿದ ವಿದ್ವಾಂಸರು ಕಡಿಮೆಯೆ? ಅಕಾಲದಲ್ಲಿ ದೊರೆತ ವಸ್ತುವಿಗೆ ಮೊದಲು ಸಂಶಯವೂ ಅನಂತರ ಸ್ತೋತ್ರವೂ ಪ್ರಾಪ್ತವಾಗುವುವು. ಸಿಂಗರಿಗೆ ಸ್ತೋತ್ರವೂ ದೊರೆಯಿತು. ಎಪ್ಪತ್ತು ದಾಟಿದ ಮೇಲೆ ಯುರೋಪಿನ ವೇದಿಕೆಗಳಲ್ಲಿ ಅವೇ ರಾಗಗಳನ್ನು ನುಡಿಸಿ, 2015ರ ಜುಲೈ ತಿಂಗಳಲ್ಲಿ ಮುಂಬಯಿಯಲ್ಲಿ ತೀರಿಕೊಂಡರು. ಆದರೆ ಹೊಗಳಿದವರು ಹೊಗಳಿದುದು ಯಾವುದನ್ನು? ತಾವು ಕಾಣದ ಇನ್ನೊಂದು ವಂಶಕ್ಕೆ ಅವರನ್ನು ಪಿತೃವನ್ನಾಗಿ ಮಾಡಿ ತರ್ಪಣ ಬಿಟ್ಟರೇ ಹೊರತು, ಆ ಕಲಾವತಿಯು ಕಲಾವತಿಯಾಗಿತ್ತೆ ಎಂದು ಕೇಳಿದವರು ವಿರಳ. ರಾಗ ಬಲ್ಲವರು ತಾಳಯಂತ್ರದ ಸದ್ದಿಗೆ ಓಡಿಹೋದರು. ತಾಳಯಂತ್ರ ಬಲ್ಲವರಿಗೆ ರಾಗವು ಕೇಳಿಸಲಿಲ್ಲ. ಕೇಳದೆ ಉಳಿದವನು ನಡುವೆ ಕುಳಿತು ನುಡಿಸಿದ ಮನುಷ್ಯ.

ಆ ಸಂಜೆ ಜಗಲಿಯ ತುದಿಯಲ್ಲಿ ಇನ್ನೊಬ್ಬರೂ ಇದ್ದರು. ವಯಸ್ಸು ಎಪ್ಪತ್ತೈದು ಮೀರಿದೆ. ಹಿಂದೆ ಮೇಳದಲ್ಲಿ ಶ್ರುತಿಯ ಹಾರ್ಮೋನಿಯಮ್ ಹಿಡಿದು ರಾತ್ರಿಯಿಡೀ ಕುಳಿತಿರುತ್ತಿದ್ದವರು. ಶ್ರುತಿಪೆಟ್ಟಿಗೆ ಬಂದ ಮೇಲೆ ಅವರಿಗೆ ಆ ಕೆಲಸವೂ ಇಲ್ಲ, ಅದರ ಸಂಬಳವೂ ಇಲ್ಲ. ಅವರು ಅಭಿಪ್ರಾಯವನ್ನೇನೂ ಹೇಳಲಿಲ್ಲ, “ಇದರಲ್ಲಿ ಎಷ್ಟು ಜನ ಬಾರಿಸಿದ್ದಾರೆ, ತಮ್ಮಾ?” ಎಂದಷ್ಟೇ ಕೇಳಿದರು. ಒಬ್ಬರೇ ಎಂದು ಅಳಿಯನು ಹೇಳಲು, “ಉಳಿದವರು?” ಎಂದರು. ಮುಂಬಯಿಯ ಚಿತ್ರಸಂಗೀತದಲ್ಲಿ ಹತ್ತಾರು ಪಿಟೀಲಿನವರು ಒಟ್ಟಿಗೆ ಕುಳಿತು ನುಡಿಸುತ್ತಿದ್ದ ಪದ್ಧತಿಯು ಇಂತಹ ಯಂತ್ರಗಳು ಬಂದ ಮೇಲೆಯೇ ಕ್ಷೀಣಿಸಿತು. ಸಿಂಗರೂ ಅಂತಹ ವೃಂದದಲ್ಲಿಯೇ ಅನ್ನ ಗಳಿಸಿದವರು. ಅಳಿಯನು ತಲೆ ತಗ್ಗಿಸಿಕೊಂಡು ಸ್ಪೀಕರಿನ ತಂತಿಯನ್ನು ಸುತ್ತತೊಡಗಿದನು. ಹಿರಿಯರೇ ಅವನ ಭುಜ ತಟ್ಟಿ, ಮಳೆಯ ರಾಗವನ್ನು ಇನ್ನೊಮ್ಮೆ ಹಾಕು ಎಂದರು.

ಶಿಷ್ಯೆಯು ಬರುವ ರವಿವಾರ ತನ್ನ ತಂಬೂರಿಯನ್ನು ತಂದು ಲಲಿತವನ್ನು ಹಾಡಿ ತೋರಿಸುವೆನೆಂದಿದ್ದಾಳೆ. ಬೆಳಗಿನ ಐದು ಗಂಟೆಗೇ ಬರಬೇಕೆಂದು ಭಾಗವತರ ಕಟ್ಟಪ್ಪಣೆ.