ಕೊಲೆ, ಬೆಕ್ಕು ಮತ್ತು ಗಿಟಾರು

ಪತ್ತೇದಾರಿ ಕಾದಂಬರಿ ಓದುವಾಗ ನನಗೆ ಕೊಲೆಗಾರನ ಮೇಲೆ ಅಂಥ ಆಸಕ್ತಿ ಇರುವುದಿಲ್ಲ. ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ಎನ್. ನರಸಿಂಹಯ್ಯನವರ ಪುಸ್ತಕ ತಂದು ಪಠ್ಯಪುಸ್ತಕದೊಳಗೆ ಬಚ್ಚಿಟ್ಟು ಓದುತ್ತಿದ್ದ ಕಾಲದಿಂದಲೂ ಅಷ್ಟೆ. ಪತ್ತೇದಾರ ಎಲ್ಲಿ ಇಳಿದುಕೊಂಡ, ಏನು ತಿಂದ, ಆ ಬೀದಿ ಹೇಗಿತ್ತು, ಇವೇ ನನಗೆ ಬೇಕು. ಮಗಳ ಬಾಣಂತನಕ್ಕೆಂದು ಬಾಸ್ಟನ್ ಪಕ್ಕದ ಕೇಂಬ್ರಿಜ್‌ಗೆ ಹೋದಾಗ ಅಲ್ಲಿನ ಲೈಬ್ರರಿಯಲ್ಲಿ ಪತ್ತೇದಾರಿ ಕಾದಂಬರಿಗಾರ್ತಿ ಕ್ಲಿಯಾ ಸೈಮನ್ ಅವರ ಪುಸ್ತಕಗಳು ಕೈಗೆ ಸಿಕ್ಕಿದ್ದು ನನ್ನ ಪುಣ್ಯ. ಕೊಲೆ, ಬೆಕ್ಕು, ಜೊತೆಗೆ ಅದೇ ಊರಿನ ರಾಕ್ ಸಂಗೀತ. ರಕ್ತ ಕಡಿಮೆ, ಹರಟೆ ಜಾಸ್ತಿ. ಬಾಣಂತಿ ಮನೆಗೆ ಇನ್ನೇನು ಬೇಕು?

ಈ ಬೆಕ್ಕಿನ ದಾರಿಯಲ್ಲಿ ಬಹಳ ಮೊದಲೇ ನಡೆದವರು ಡೆಟ್ರಾಯಿಟ್‌ನ ಪತ್ರಕರ್ತೆ ಲಿಲಿಯನ್ ಜಾಕ್ಸನ್ ಬ್ರೌನ್. 1966ರಿಂದ 1968ರೊಳಗೆ ಮೂರು ಕಾದಂಬರಿ ಬರೆದು ಸುಮ್ಮನಾದವರು, 1986ರಲ್ಲಿ ಮತ್ತೆ ಶುರು ಹಚ್ಚಿಕೊಂಡರು. ಅವರ ಸಯಾಮೀಸ್ ಬೆಕ್ಕು ಕೋಕೋ ಸುಳಿವು ಹುಡುಕಿಕೊಡುವಷ್ಟು ಜಾಣ. ಸೈಮನ್ ಅವರ ಥೀಡಾ ಕ್ರಾಕೊ ಸರಣಿಯಲ್ಲಿ ಬರುವ ಮುಸೆಟ್ಟಾ ಬರೀ ಬೆಕ್ಕು. ನನಗೆ ಹಿಡಿಸಿದ್ದೇ ಅದು. ಮಗಳ ಮನೆಯ ಬೆಕ್ಕೂ ಯಾವ ಪತ್ತೆಯನ್ನೂ ಮಾಡಿದ್ದಲ್ಲ. ತೊಟ್ಟಿಲನ್ನು ತನಗೆಂದೇ ತಂದಿದ್ದಾರೆಂದು ನಂಬಿಕೊಂಡಿತ್ತು. ನಾನು ಸಾಂಬ್ರಾಣಿ ಹೊಗೆ ಹಾಕಿ, ಚಾವಣಿಯ ಅಲಾರಾಂ ಬಡಿದುಕೊಂಡಾಗ ಕಪಾಟಿನ ಮೇಲಕ್ಕೆ ಹಾರಿ ನನ್ನನ್ನೇ ದುರುಗುಟ್ಟಿ ನೋಡುತ್ತಿತ್ತು.

ಸೈಮನ್ ಅವರ ಈ ಸರಣಿಯ 2005ರ ಮೊದಲ ಪುಸ್ತಕದಲ್ಲಿ ಮನೆ ತುಂಬ ಬೆಕ್ಕು ಸಾಕಿಕೊಂಡಿದ್ದ ಮುದುಕಿ ಸಾಯುತ್ತಾಳೆ. ಕೊಲೆಗಾರನನ್ನು ಹುಡುಕುವ ಥೀಡಾ ಪತ್ರಿಕೆಗೆ ಸಂಗೀತದ ಬಗ್ಗೆ ಬರೆದು ಹೊಟ್ಟೆ ಹೊರೆಯುವವಳು. ಸೈಮನ್ ಕೂಡ ಅದೇ ಕಸುಬು ಮಾಡಿದವರು, ಆದ್ದರಿಂದ ರಾಕ್ ಕ್ಲಬ್ಬುಗಳ ಪುಟಗಳಲ್ಲಿ ಕಥೆ ಕೊಲೆಯನ್ನೂ ಮರೆತು ಆರಾಮಾಗಿ ಕೂರುತ್ತದೆ. ಆ ಲೋಕ ನಿಜವಾಗಿಯೂ ಇತ್ತು. ಬಾಸ್ಟನ್ನಿನ ಕೆನ್‌ಮೋರ್ ಸ್ಕ್ವೇರಿನ ನೆಲಮಾಳಿಗೆಯಲ್ಲಿ 1974ರಿಂದ ರಾತ್ಸ್‌ಕೆಲ್ಲರ್ ಎಂಬ ಕ್ಲಬ್ಬು ನಡೆಯುತ್ತಿತ್ತು, ಊರವರ ಬಾಯಲ್ಲಿ ‘ರ‍್ಯಾಟ್’. ಬಾಸ್ಟನ್ನಿನವೇ ಆದ ಕಾರ್ಸ್, ಪಿಕ್ಸೀಸ್ ಬ್ಯಾಂಡುಗಳು ನುಡಿಸಿದ್ದ ಜಾಗ ಅದು. ಆದರೆ ಆ ಲೋಕ ಉಳಿಯಲಿಲ್ಲ. 1994ರ ನವೆಂಬರಿನಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರು ಮನೆ ಬಾಡಿಗೆಯ ನಿಯಂತ್ರಣವನ್ನು ತೆಗೆದುಹಾಕಿದರು. ಗಿಟಾರು ಹಿಡಿದವರಿಗೆ ಕೇಂಬ್ರಿಜ್‌ನಲ್ಲಿ ಒಂದು ಕೋಣೆ ಹಿಡಿಯುವುದೂ ಕಷ್ಟವಾಯಿತು. 1997ರಲ್ಲಿ ರ‍್ಯಾಟ್ ಮುಚ್ಚಿತು. ಈ ಬ್ಯಾಂಡುಗಳ ಬಗ್ಗೆ ಬರೆದು ಬೆಳೆಸಿದ ವಾರಪತ್ರಿಕೆ ಬಾಸ್ಟನ್ ಫೀನಿಕ್ಸ್ 2013ರಲ್ಲಿ ನಿಂತಿತು. 2015ರಲ್ಲಿ ಕೇಂಬ್ರಿಜ್‌ನ ಟಿ.ಟಿ. ದ ಬೇರ್ಸ್ ಪ್ಲೇಸ್ ಎಂಬ ಕ್ಲಬ್ಬು ಕೂಡ ಬಾಗಿಲೆಳೆಯಿತು. ಥೀಡಾ ಈಗ ಇದ್ದಿದ್ದರೆ ಕೊಲೆಗಾರನಿಗಿಂತ ಮೊದಲು ಕೆಲಸ ಹುಡುಕಬೇಕಿತ್ತು!

ಒಂದು ಭಾನುವಾರ ಅಳಿಯಂದಿರನ್ನು ಒಪ್ಪಿಸಿ, ಕೂಸಿನ ಗಾಡಿ ತಳ್ಳಿಕೊಂಡು ಕೆನ್‌ಮೋರ್ ಸ್ಕ್ವೇರಿಗೆ ಹೋದೆ. ರ‍್ಯಾಟ್ ಇದ್ದ ಜಾಗದಲ್ಲಿ ಈಗ ಹೋಟೆಲ್ ಕಾಮನ್‌ವೆಲ್ತ್ ನಿಂತಿದೆ.

“ಇಲ್ಲಿ ನೋಡೋಕೇನಿದೆ ಅತ್ತೆ?”

“ಇಲ್ಲೇ ನೆಲಮಾಳಿಗೇಲಿ ಹಾಡ್ತಿದ್ರಂತೆ.”

ಪಾಪ, ಒಳ್ಳೆಯ ಹುಡುಗ. ಅಷ್ಟು ದೂರ ಬಂದದ್ದಕ್ಕೆ ಏನಾದರೂ ಇರಲಿ ಎಂದು ಫೋನಿನಲ್ಲಿ ಪಿಕ್ಸೀಸ್ ಹಾಕಿದರು. ಆ ಗಲಾಟೆಗೆ ಕೂಸು ಎದ್ದು ರಚ್ಚೆ ಹಿಡಿಯುತ್ತದೆಂದು ನಾನು ಹೆದರಿದರೆ, ಅದು ಮನೆ ಮುಟ್ಟುವವರೆಗೂ ಕಣ್ಣು ತೆರೆಯಲಿಲ್ಲ. ಆಮೇಲೆ ಮಗಳ ಮನೆಯಲ್ಲಿ ನನ್ನ ಜೋಗುಳವನ್ನು ಕೇಳಿದವರಿಲ್ಲ.