ಬೂದಿ ಮುಚ್ಚಿದ ಕೆಂಡ (ಭಾಗ 4)

ಮೊದಲ ಫೋಟೊ ಅಂಕೋಲೆಯ ನಮ್ಮನೆ ಬಚ್ಚಲೊಲೆ. ಫಿಲ್ಟರ್ ಹಾಕಿಲ್ಲ, ಹೊಗೆ ಅಸಲಿ. ಎರಡನೇದು ನಮ್ಮ ಬ್ಯಾಚಿನವರಿಗೆ ಗೊತ್ತಿರೋದೇ: ಲ್ಯಾಬ್ ಫರ್ನೆಸ್ಸಿನ ಖಾಲಿ ಟ್ರೇ.

ಫೈನಲ್ ಇಯರ್‌ನಲ್ಲಿ ಕಾರ್ಬನ್-ಕಾರ್ಬನ್ ಸ್ಯಾಂಪಲ್ ಹಾಳಾದಾಗ 'ಫರ್ನೆಸ್ ಕೆಟ್ಟಿತ್ತು' ಅಂತ ಹೇಳಿದ್ದೆನಲ್ಲ, ಅದು ಸುಳ್ಳು. ಎರಡು ಸಾವಿರ ಡಿಗ್ರಿಗೂ ಜಗ್ಗದ ವಸ್ತು ಅಂತ ಓದಿದ್ದೆ. 700ಕ್ಕೆ ಇಟ್ಟು ರೂಮಿಗೆ ಹೋಗಿ ಮಲಗಿದೆ. ಆರ್ಗಾನ್ ಸಿಲಿಂಡರಿನ ವಾಲ್ವ್ ತೆರೆಯೋದೇ ಮರೆತಿದ್ದೆ. ಬೆಳಿಗ್ಗೆ ನೋಡಿದ್ರೆ ಟ್ರೇಯಲ್ಲಿ ಏನೂ ಇಲ್ಲ!

ಅದಕ್ಕೆ ಮೂರು ತಿಂಗಳು ಕೂತಿದ್ದವನು ಕಾರವಾರದ ಗೆಳೆಯ. ಟ್ಯಾಗೋರ್ ಕಡಲತೀರದಲ್ಲಿ ಶೇಂಗಾ ತಿನ್ನುತ್ತಾ, 'ಮಷಿನ್ ಕೆಟ್ರೆ ನೀ ಏನ್ ಮಾಡ್ತೆ ಮಾರಾಯಾ' ಅಂದ. ನಾನು ಸುಮ್ಮನೆ ಸಮುದ್ರ ನೋಡಿದೆ.

ಆ ರಜೆಯಲ್ಲಿ ಒಲೆಯ ಬೂದಿ ಕೆದಕಲು ಹೋದರೆ ಅಜ್ಜಿ ಗದರಿದಳು. 'ಬೂದಿ ತೆಗೀಬೇಡ ತಮಾ. ಗಾಳಿ ತಾಗಿದ್ರೆ ಬೆಳಗಾಗೂದ್ರೊಳಗೆ ಕೆಂಡ ಉರಿದು ಹೋಗ್ತದೆ.' ನಾಲ್ಕು ವರ್ಷ ಓದಿದ್ದು ಅಲ್ಲಿ ತಲೆಗೆ ಹೋಯ್ತು. ಕಾರ್ಬನ್ನಿನ ಶತ್ರು ಬಿಸಿ ಅಲ್ಲ, ಬಿಸಿಯಲ್ಲಿ ತಾಗೋ ಆಮ್ಲಜನಕ. ಗಾಳಿಯಿದ್ದರೆ ಸುಮಾರು 500 ಡಿಗ್ರಿಗೇ ಅದು ಅನಿಲವಾಗಿ ಕರಗೋಕೆ ಶುರು.

ಹಾಗಾಗಿ ಮೇಲೊಂದು ಸೆರಾಮಿಕ್ ಹೊದಿಕೆ ಬೇಕು. ಇಸ್ರೊ ಪಿಎಸ್‌ಎಲ್‌ವಿಯ ನಾಲ್ಕನೇ ಹಂತಕ್ಕೆ ಅಂತ ಮಾಡಿದ ಕಾರ್ಬನ್-ಕಾರ್ಬನ್ ನಾಜಲ್‌ಗೆ ಬಳಿದಿದ್ದು ಸಿಲಿಕಾನ್ ಕಾರ್ಬೈಡ್. 2024ರ ಏಪ್ರಿಲ್ 2ರಂದು ಮಹೇಂದ್ರಗಿರಿಯಲ್ಲಿ 200 ಸೆಕೆಂಡ್ ಉರಿಸಿದರು, ನಾಜಲ್ 1216 ಕೆಲ್ವಿನ್ ಮುಟ್ಟಿತು, ಅಂದ್ರೆ ಹೆಚ್ಚುಕಮ್ಮಿ 943 ಡಿಗ್ರಿ ಸೆಲ್ಸಿಯಸ್. ಕೊಲಂಬಿಯಂ ಮಿಶ್ರಲೋಹದ ಹಳೆ ನಾಜಲ್‌ಗಿಂತ ತೂಕ 67% ಕಡಿಮೆ, ರಾಕೆಟ್ 15 ಕಿಲೊ ಹೆಚ್ಚು ಹೊರಬಹುದು.

ನನಗೆ ಬಹಳ ಇಷ್ಟವಾದದ್ದು ಈ ಹೊದಿಕೆಯ ಬುದ್ಧಿ. ಕಾದಾಗ ಸಿಲಿಕಾನ್ ಕಾರ್ಬೈಡ್ ತಾನೇ ಚೂರು ಆಮ್ಲಜನಕ ತಿಂದು ಮೈಮೇಲೆ ತೆಳ್ಳಗೆ ಸಿಲಿಕಾ ಪದರ ಕಟ್ಟಿಕೊಳ್ಳುತ್ತೆ. ಥೇಟ್ ಬೂದಿ! ತೊಂದರೆಯೂ ಇದೆ. ತಣ್ಣಗಾಗುವಾಗ ಹೊದಿಕೆ ಮತ್ತು ಕಾರ್ಬನ್ ಬೇರೆ ಬೇರೆ ಅಳತೆಗೆ ಕುಗ್ಗಿ ಕೂದಲೆಳೆ ಬಿರುಕು ಬೀಳುತ್ತೆ. ಅದಕ್ಕೆ ಬಿಸಿಗೆ ಮೆತ್ತಗಾಗಿ ಬಿರುಕು ಮುಚ್ಚೋ ಗಾಜು ತುಂಬ್ತಾರೆ. ಅಮೆರಿಕದ ಶಟಲ್‌ಗಳ ರೆಕ್ಕೆಯಂಚಿನಲ್ಲಂತೂ ಸೂಜಿಮೊನೆಯಷ್ಟು ತೂತು ಕಂಡಿದ್ದವು. ಉಡಾವಣಾ ಕಟ್ಟೆಯ ಪೇಂಟಿನ ಸತುವು ಮಳೆಯಲ್ಲಿ ತೊಳೆದು ಮೇಲೆ ಬಿದ್ದು, ಬಿಸಿಗೆ ಹೊದಿಕೆಯನ್ನೇ ತಿಂದಿತ್ತು. ನಮ್ಮ ಕರಾವಳಿಯ ಮಳೆಗಾಲದಲ್ಲಿ ಗೇಟಿಗೆ ವರ್ಷ ವರ್ಷ ಪೇಂಟ್ ಹೊಡೆಯೋರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

ಈ ಪೋಸ್ಟ್ ಹಾಕೋ ಮೊದಲು ಅವನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಸ್ವಲ್ಪ ಹೊತ್ತು ಮಾತೇ ಇಲ್ಲ.

'ಅವತ್ತೇ ಗೊತ್ತಿತ್ತು,' ಅಂದ. 'ಸಿಲಿಂಡರಿನ ಗೇಜ್ ಒಂದು ಚೂರೂ ಇಳ್ದಿರ್ಲಿಲ್ಲ.'